ಎಸರು ಹೊಯ್ಯದ ಎಂಟು ತಿಂಗಳು

ಹೋದ ತಿಂಗಳು ಒಂದು ಸಭೆಗೆಂದು ಡೇವೆಂಟರ್‌ಗೆ ಹೋಗಿದ್ದೆ. ಸಭೆ ಬೇಗ ಮುಗಿಯಿತು. ವೂರ್‌ಬರ್ಗ್‌ನ ಮನೆಗೆ ಮರಳುವ ರೈಲಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ನಿಲ್ದಾಣದಲ್ಲೇ ಕೂತು ಕಾಫಿ ಕುಡಿಯೋಣವೆಂದುಕೊಂಡವಳು ಎದ್ದು ಹಳೆಯ ಪೇಟೆಯ ಕಡೆ ನಡೆದೆ. ಬೆರ್ಗ್‌ಕ್ವಾರ್ಟೀರ್ ಎಂದು ಆ ಕೇರಿಯ ಹೆಸರು, ಅಂದರೆ ಗುಡ್ಡದ ಕೇರಿ. ಗುಡ್ಡವೆಂದರೆ ನಮ್ಮ ಕಡೆಯ ಎತ್ತುಗಳು ಲೆಕ್ಕಕ್ಕೇ ತೆಗೆದುಕೊಳ್ಳದಷ್ಟು ಏರು. ನೆದರ್‌ಲ್ಯಾಂಡ್ಸ್‌ನಲ್ಲಿ ಅಷ್ಟಕ್ಕೇ ಗುಡ್ಡ ಎನ್ನುತ್ತಾರೆ. ಕಲ್ಲುಹಾಸಿನ ಓಣಿ, ಎರಡೂ ಬದಿಗೆ ಸ್ವಲ್ಪ ಮುಂದಕ್ಕೆ ವಾಲಿದ ಹಳೆಯ ಕಾಲದ ಮನೆಗಳು, ತುದಿಯಲ್ಲಿ ಜೋಡಿ ಗೋಪುರದ ಚರ್ಚು. ಓಣಿ ತಿರುಗುವಲ್ಲಿ ಆ ವಾಸನೆ ಬಂತು. ಕಾದ ಹಂಚಿನ ಮೇಲೆ ಉದುರಿದ ಒಣಹಿಟ್ಟು ಸೀಯುವ ವಾಸನೆ. ತಿರುವಿನಾಚೆ ಎಲಿಫ್‌ಳ ಟರ್ಕಿಶ್ ಹೋಟೆಲು, ಅದರ ಮುಂದೆ ಆಗಿನಂತೆಯೇ ಜನರ ಸಾಲು. ನನಗೆ ಹಸಿವಿರಲಿಲ್ಲ. ಆದರೂ ಸಾಲಿನ ಕೊನೆಯಲ್ಲಿ ಹೋಗಿ ನಿಂತೆ. ನಿಂತಲ್ಲಿಯೇ ಆ ಒಂದು ವರ್ಷ ಇಡಿಯಾಗಿ ನೆನಪಾಯಿತು.

ಆ ವರ್ಷದ ಸೆಪ್ಟೆಂಬರಿನಲ್ಲಿ ನಾನು ಪಿಎಚ್.ಡಿ. ಮಾಡಲು ಈ ದೇಶಕ್ಕೆ ಬಂದೆ. ನಾನು ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು. ಕಾಲೇಜೊಂದರಲ್ಲಿ ಆರು ವರ್ಷ ಆಹಾರ ವಿಜ್ಞಾನ ಕಲಿಸಿ, ಕಾಯಂ ಆಗಿದ್ದ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದಿದ್ದೆ. ‘ರಜೆ ಹಾಕಿ ಹೋಗು, ರಾಜೀನಾಮೆ ಯಾಕೆ’ ಎಂದು ಕಂಡಕಂಡವರೆಲ್ಲ ಬುದ್ಧಿ ಹೇಳಿದ್ದರು. ರಜೆ ಹಾಕಿದರೆ ವಾಪಸು ಬರುವ ದಾರಿಯೊಂದು ತೆರೆದೇ ಇರುತ್ತದೆ, ಅದು ತೆರೆದಿದ್ದರೆ ಮೊದಲ ಚಳಿಗೇ ನಾನು ಓಡಿಬರುತ್ತೇನೆ ಎಂದು ನನ್ನ ಬಗ್ಗೆ ನನಗೆ ಗೊತ್ತಿತ್ತು. ಅದಕ್ಕೇ ರಾಜೀನಾಮೆ ಬರೆದೆ. ಇಲ್ಲಿ ಸಿಕ್ಕಿದ್ದು ನಾಲ್ಕು ವರ್ಷದ ಕೆಲಸ. ಆದರೆ ಮೊದಲ ವರ್ಷ ಮುಗಿಯುವ ಮುನ್ನ, ಜೂನ್ ತಿಂಗಳಲ್ಲಿ, ಒಂದು ಸಮಿತಿ ಕೂತು ಇವಳು ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಬೇಡ ಎಂದರೆ ಕೆಲಸ ಹೋಯಿತು, ಅದರ ಬೆನ್ನಿಗೇ ಇಲ್ಲಿರುವ ಪರವಾನಗಿಯೂ ಹೋಯಿತು. ಊರಿನಲ್ಲಿ ನನ್ನ ಕುರ್ಚಿಯಲ್ಲಿ ಆಗಲೇ ಬೇರೆಯವರು ಕೂತಿದ್ದರು.

ಡೇವೆಂಟರ್ ಊರ ಹೊರಗಿನ ಹಳೆಯ ಹಿಟ್ಟಿನ ಗಿರಣಿಯೊಂದರ ಹಿಂಭಾಗದಲ್ಲಿ ನಮ್ಮ ವಿಶ್ವವಿದ್ಯಾಲಯದ ಪ್ರಯೋಗಾಲಯ. ಗೋಧಿ ಮೈಗೆ ಆಗದವರಿಗಾಗಿ ಜೋಳದ ಹಿಟ್ಟಿನಲ್ಲಿ, ಬೇರೆ ಯಾವ ಅಂಟನ್ನೂ ಬೆರೆಸದೆ, ಮಡಚಿದರೆ ಮುರಿಯದ ತೆಳುರೊಟ್ಟಿ ಮಾಡಬಹುದೇ ಎನ್ನುವುದು ನನ್ನ ವಿಷಯ. ಮಾರ್ಗದರ್ಶಕರ ಹೆಸರು ಮಾರ್ಟೈನ್. ಐವತ್ತೈದರ ಆಸುಪಾಸಿನ, ಉದ್ದ ಕೈಕಾಲಿನ, ಅರ್ಧ ಆಯುಷ್ಯವನ್ನು ಗೋಧಿ ಹಿಟ್ಟಿನ ಮೇಲೆ ಕಳೆದ ಮನುಷ್ಯ. ನಾನು ಸೇರಿದ ಎರಡನೆಯ ವಾರ ಅವರು ಪ್ರಯೋಗದ ಕ್ರಮವನ್ನು ಹಲಗೆಯ ಮೇಲೆ ಬರೆದರು. ಹಿಟ್ಟು ಇಷ್ಟು, ನೀರು ಇಷ್ಟು, ನಾದುವುದು ಇಷ್ಟು ಹೊತ್ತು. ನೀರಿನ ಶಾಖ ಮೂವತ್ತು ಡಿಗ್ರಿ. ಗೋಧಿಗೆ ಹಾಗೇ ಮಾಡುತ್ತಾರೆ. ಜೋಳಕ್ಕೂ ಹಾಗೇ ಮಾಡಿದರೆ ತಾನೇ ಒಂದಕ್ಕೊಂದು ಹೋಲಿಸಲು ಬರುವುದು ಎನ್ನುವುದು ಅವರ ತರ್ಕ. ಬರೆದು ಮುಗಿಸಿ ನನ್ನ ಕಡೆ ತಿರುಗಿ, “ಎಲ್ಲಾ ಸರಿ ಇದೆಯಾ?” ಎಂದು ಕೇಳಿದರು.

ಸರಿ ಇರಲಿಲ್ಲ. ಜೋಳದ ಹಿಟ್ಟಿಗೆ ಎಸರು ಹೊಯ್ಯಬೇಕು. ಕುದಿಯುವ ನೀರು ಬಿದ್ದರೆ ಮಾತ್ರ ಅದಕ್ಕೆ ಜಿಗಿ ಬರುತ್ತದೆ, ಇಲ್ಲದಿದ್ದರೆ ಬಡಿಯುವಾಗಲೇ ಅಂಚು ಬಿರಿಯುತ್ತದೆ. ಇದು ನನಗೆ ಒಂಬತ್ತನೆಯ ವಯಸ್ಸಿನಿಂದ ಗೊತ್ತು. ನಮ್ಮ ಕಡೆ ರೊಟ್ಟಿ ಬಡಿಯುವ ಯಾರನ್ನು ಕೇಳಿದರೂ ಹೇಳುತ್ತಾರೆ. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಎದುರಿಗೆ ನಿಂತವರು ಗುರು. ನಾನೂ ಆರು ವರ್ಷ ಪಾಠ ಹೇಳಿದವಳು, ಎದುರು ಮಾತಾಡುವ ವಿದ್ಯಾರ್ಥಿಗಳು ನನಗೂ ಸೇರುತ್ತಿರಲಿಲ್ಲ. ಅದರ ಮೇಲೊಂದು ನಾಚಿಕೆ ಬೇರೆ: ಇಷ್ಟು ಓದಿ, ವಿಮಾನ ಹತ್ತಿ ಬಂದು, ಅಡುಗೆಮನೆಯ ಮಾತು ಆಡುವುದೇ? ತಲೆಯಾಡಿಸಿದೆ. “ಯೆಸ್, ಸರ್” ಎಂದೆ. “ಸರ್ ಅಲ್ಲ, ಮಾರ್ಟೈನ್” ಎಂದರು. ಅದಕ್ಕೂ “ಯೆಸ್, ಸರ್” ಎಂದೆ.

ಆ ವಾರವೇ ನನ್ನನ್ನು ಬರಮಾಡಿಕೊಳ್ಳಲೆಂದು ಇಡೀ ತಂಡ ಗುಡ್ಡದ ಕೇರಿಯ ಟರ್ಕಿಶ್ ಹೋಟೆಲಿಗೆ ಊಟಕ್ಕೆ ಹೋಯಿತು. ಅಲ್ಲಿ ಮೊದಲೇ ಮೇಜು ಹಿಡಿದಿಡುವ ಪದ್ಧತಿ ಇಲ್ಲ. ಜೊತೆಯವರೆಲ್ಲ ಬಂದು ಸೇರುವ ತನಕ ಯಾರನ್ನೂ ಒಳಗೆ ಬಿಡುವುದೂ ಇಲ್ಲ. ಎಲ್ಲವನ್ನೂ ತಿಂಗಳ ಮೊದಲೇ ಡೈರಿಯಲ್ಲಿ ಬರೆದಿಡುವ ಡಚ್ಚರು ಆ ಬಾಗಿಲ ಮುಂದೆ ಮಾತ್ರ ತಣ್ಣನೆಯ ಗಾಳಿಗೆ ಮುಖ ಕೊಟ್ಟು ಮುಕ್ಕಾಲು ಗಂಟೆ ತೆಪ್ಪಗೆ ನಿಲ್ಲುತ್ತಿದ್ದರು. ರಸ್ತೆಯ ಕಡೆಗಿನ ಕಿಟಕಿಯ ಪಕ್ಕ ಎತ್ತರದ ಕಟ್ಟೆ. ಅದರ ಮೇಲೆ ತಲೆಗೆ ಹೂವಿನ ಬಟ್ಟೆ ಕಟ್ಟಿಕೊಂಡ ಹಿರಿಯ ಹೆಂಗಸೊಬ್ಬರು ಕಾಲು ಮಡಚಿ ಕೂತು, ಗುಂಡು ಮಣೆಯ ಮೇಲೆ ಕೋಲಿನಂಥ ತೆಳ್ಳನೆಯ ಲಟ್ಟಣಿಗೆಯಿಂದ ಹಾಳೆಯಷ್ಟು ತೆಳುವಾದ ರೊಟ್ಟಿ ಲಟ್ಟಿಸುತ್ತಿದ್ದರು. ಪಕ್ಕದಲ್ಲಿ ಬೋರಲು ಹಾಕಿದ ಬಾಣಲೆಯಂಥ ಹಂಚು. ಅವರೇ ಹೋಟೆಲಿನ ಒಡತಿ ಎಲಿಫ್‌ಳ ತಾಯಿ ಹಾತಿಜೆ. ಎಲ್ಲರೂ ಅವರನ್ನು ‘ತೇಜೆ’ ಎನ್ನುತ್ತಿದ್ದರು. ಚಿಕ್ಕಮ್ಮ ಎಂದು ಅರ್ಥವಂತೆ.

ಮೊದಲು ಕೆಂಪು ಬೇಳೆಯ ಬಿಸಿ ಸೂಪು ಬಂತು, ಹಿಂಡಿಕೊಳ್ಳಲು ನಿಂಬೆಹೋಳು. ಎಳ್ಳು ಉದುರಿಸಿದ, ಉಬ್ಬಿದ ಬಿಸಿ ಬಿಸಿ ಬ್ರೆಡ್ಡು. ಟೊಮೆಟೊ ಮತ್ತು ಮೆಣಸಿನಕಾಯಿ ಕೊಚ್ಚಿದ ಖಾರದ ಚಟ್ನಿ, ಸೌತೆಕಾಯಿಯ ಮೊಸರು. ಆಮೇಲೆ ಮಾಂಸ ತಿನ್ನದ ನನಗೆಂದು ಈರುಳ್ಳಿ ಬೆಳ್ಳುಳ್ಳಿ ತುಂಬಿ ಎಣ್ಣೆಯಲ್ಲಿ ಮೆತ್ತಗೆ ಬೇಯಿಸಿದ ಇಡೀ ಬದನೆಕಾಯಿ. ಶೇಂಗಾಪುಡಿಯೊಂದು ಬಿದ್ದಿದ್ದರೆ ನಮ್ಮ ಎಣಗಾಯಿಯೇ. ಎಲಿಫ್ ಬಂದು “ಇನ್ನೂ ಬ್ರೆಡ್ ಬೇಕಾ?” ಎಂದು ಕೇಳಿದಳು. ಮರ್ಯಾದೆಗೆ “ಬೇಡ ಬೇಡ” ಎಂದೆ. ಇನ್ನೊಮ್ಮೆ ಕೇಳುತ್ತಾಳೆ, ಆಗ ಅರ್ಧ ಎನ್ನೋಣವೆಂದು ಕಾದೆ. ಡೇವೆಂಟರ್‌ನಲ್ಲೇ ಹುಟ್ಟಿ ಬೆಳೆದವಳು, ಬೇಡವೆಂದರೆ ಬೇಡ ಎಂದುಕೊಂಡು ಬುಟ್ಟಿ ಎತ್ತಿಕೊಂಡು ಹೋಗಿಯೇಬಿಟ್ಟಳು. ಕಟ್ಟೆಯ ಮೇಲಿನಿಂದ ನನ್ನ ಮುಖ ನೋಡಿದ ತೇಜೆ ಮಾತ್ರ ಅಲ್ಲಿಂದಲೇ ಮಗಳನ್ನು ಗದರಿ ಬುಟ್ಟಿಯನ್ನು ವಾಪಸು ಕಳಿಸಿದರು.

ಅಕ್ಟೋಬರಿನಿಂದ ಶುರುವಾಯಿತು ನೋಡಿ ನನ್ನ ಗೋಳು. ಐದು ಬಗೆಯ ಬಿಳಿಜೋಳ. ನಾಲ್ಕು ಯುರೋಪಿನಲ್ಲೇ ಬೆಳೆದವು, ಐದನೆಯದು ನಮ್ಮ ಕಡೆಯ ಹಿಂಗಾರಿ ಮಾಲದಂಡಿ. ಹಿಟ್ಟನ್ನು ನುಣ್ಣಗೆ ಬೀಸಿ ನೋಡಿದೆ, ತರಿಯಾಗಿ ಬೀಸಿ ನೋಡಿದೆ. ಹೆಚ್ಚು ನಾದಿದೆ, ಕಡಿಮೆ ನಾದಿದೆ, ನಾದಿ ರಾತ್ರಿಯಿಡೀ ಬಿಟ್ಟೆ. ಯಂತ್ರದ ಎರಡು ಚಿಮಟಗಳ ನಡುವೆ ಕಣಕದ ಪಟ್ಟಿ ಸಿಕ್ಕಿಸಿ ಎಳೆದರೆ ಎಳೆಯುವ ಮುನ್ನವೇ ತುಂಡಾಗಿ ಬೀಳುತ್ತಿತ್ತು. ಬಿದ್ದದ್ದನ್ನು ನಾನು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದೆ. ಬಣ್ಣಬಣ್ಣದ ನಕ್ಷೆ ಮಾಡುತ್ತಿದ್ದೆ. ಮುರಿಯುವ ಕಣಕದ ಅಷ್ಟು ಚೆಂದದ ನಕ್ಷೆಗಳು ಪ್ರಪಂಚದಲ್ಲಿ ಇನ್ನೆಲ್ಲೂ ಇರಲಿಕ್ಕಿಲ್ಲ. ಪ್ರತಿ ಸೋಮವಾರ ಮಾರ್ಟೈನ್ ಅವನ್ನು ನೋಡಿ ಹಣೆ ಉಜ್ಜಿಕೊಂಡು, “ಮುಂದಿನ ವಾರ ನೀರು ಸ್ವಲ್ಪ ಜಾಸ್ತಿ ಮಾಡಿ ನೋಡೋಣವಾ?” ಎನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಮೊದಲ ವಾರ ಹೇಳುವುದು ಕಷ್ಟವಿತ್ತು. ಹತ್ತನೆಯ ವಾರ ಅದರ ಹತ್ತರಷ್ಟು ಕಷ್ಟವಾಗಿತ್ತು, ಯಾಕೆಂದರೆ ಈಗ ಹೇಳಿದರೆ ‘ಇಷ್ಟು ದಿನ ಏನು ಮಾಡುತ್ತಿದ್ದೆ’ ಎನ್ನುವ ಪ್ರಶ್ನೆಗೂ ಉತ್ತರ ಕೊಡಬೇಕಿತ್ತು.

ಚಳಿಗಾಲ ಕವುಚಿಕೊಂಡಿತು. ನಾಲ್ಕೂವರೆಗೇ ಕತ್ತಲು. ಐಸೆಲ್ ನದಿ ಉಕ್ಕಿ ದಂಡೆಯ ರಸ್ತೆಯ ಮೇಲೆ ಬಂದು ನಿಂತಿತು, ಬೀದಿದೀಪದ ಕಂಬಗಳು ಅರ್ಧ ನೀರಿನಲ್ಲಿ ನಿಂತು ಉರಿಯುತ್ತಿದ್ದವು. ಸೈಕಲ್ ತುಳಿದು ಕೋಣೆಗೆ ಬಂದರೆ ಕಿವಿಗಳು ಇವೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು. ಒಂದು ಭಾನುವಾರ ರೊಟ್ಟಿಯ ಆಸೆ ತಡೆಯಲಾರದೆ ಕೋಣೆಯಲ್ಲೇ ತವೆ ಇಟ್ಟೆ. ಮೊದಲ ರೊಟ್ಟಿ ತಿರುವಿ ಹಾಕುವಷ್ಟರಲ್ಲಿ ಛಾವಣಿಯ ಹೊಗೆಗಂಟೆ ಚೀರಿಕೊಂಡಿತು. ಕಟ್ಟಡದ ಎಲ್ಲರೂ ಚಪ್ಪಲಿಯಲ್ಲೇ ಹಿಮಕ್ಕೆ ಓಡಿದರು. ನಾನು ಕೈತುಂಬ ಹಿಟ್ಟು ಮೆತ್ತಿಕೊಂಡು ಅವರ ನಡುವೆ ನಿಂತು, ಯಾರ ಮನೆಯಲ್ಲಿ ಏನಾಯಿತೋ ಎನ್ನುವಂತೆ ಮುಖ ಮಾಡಿದೆ. ಯಾರೂ ನಂಬಲಿಲ್ಲ.

ಅದಾದ ಮೇಲೆ ಪ್ರತಿ ಶುಕ್ರವಾರ ಸಾಲು ಬೆಳೆಯುವ ಮುಂಚೆ, ಐದು ಹೊಡೆಯುವಾಗಲೇ ಎಲಿಫ್‌ಳ ಹೋಟೆಲಿಗೆ ಹೋಗತೊಡಗಿದೆ. ಕಟ್ಟೆಯ ಪಕ್ಕದ ಒಂಟಿ ಮೇಜು. ಬೇಳೆಯ ಸೂಪು, ಪಾಲಕ್ ಮತ್ತು ಚೀಸ್ ತುಂಬಿದ ಬಿಸಿ ರೊಟ್ಟಿ, ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಕಡುಚಹ. ತೇಜೆ ಲಟ್ಟಿಸುವುದನ್ನು ನೋಡುತ್ತಾ ಉಣ್ಣುತ್ತಿದ್ದೆ. ಅವರಿಗೆ ಟರ್ಕಿಶ್ ಬಿಟ್ಟರೆ ನಾಲ್ಕು ಡಚ್ ಮಾತು ಬರುತ್ತಿತ್ತು. ನನಗೂ ಅಷ್ಟೇ ಬರುತ್ತಿತ್ತು. ಆ ಎಂಟು ಮಾತುಗಳಲ್ಲಿ ನಮ್ಮ ಸಂಸಾರ ಸಾಗುತ್ತಿತ್ತು.

ಫೆಬ್ರವರಿಯಲ್ಲಿ ಮಾರ್ಟೈನ್ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಇಲ್ಲಿಯವರು ಸುತ್ತಿ ಬಳಸಿ ಮಾತಾಡುವುದಿಲ್ಲ. “ನೀನು ಕಷ್ಟಪಟ್ಟು ಕೆಲಸ ಮಾಡ್ತೀಯ, ಅದು ನನಗೆ ಕಾಣ್ತಿದೆ. ಆದರೆ ಸಮಿತಿ ಮುಂದೆ ಇಡೋಕೆ ಏನೂ ಇಲ್ಲ. ಜೂನ್ ತನಕ ಹೀಗೇ ಇದ್ದರೆ ನಿನ್ನನ್ನ ಮುಂದುವರಿಸಿ ಅಂತ ನಾನು ಹೇಳೋಕಾಗಲ್ಲ,” ಎಂದರು. ನಾನು ಅದಕ್ಕೂ ತಲೆಯಾಡಿಸಿದೆ. ಹೊರಗೆ ಬಂದು ಸೈಕಲ್ಲಿನ ಬೀಗ ತೆಗೆದೆ. ಊರಿಗೆ ಹೋಗಿ ಯಾರಿಗೆ ಮುಖ ತೋರಿಸುವುದು ಎನ್ನುವುದೊಂದೇ ಯೋಚನೆ.

ಏಪ್ರಿಲ್ ಕೊನೆಯ ಶನಿವಾರ. ಮಧ್ಯಾಹ್ನ ಮೂರರಿಂದ ಐದರವರೆಗೆ ಹೋಟೆಲು ಮುಚ್ಚಿರುತ್ತದೆ. ಹಿಂದಿನ ದಿನ ಎಲಿಫ್‌ಳ ಬಳಿ ಹೊಗೆಗಂಟೆಯ ಕಥೆ ಹೇಳಿ ನಕ್ಕಿದ್ದೆ. “ನಿನ್ನ ಹಿಟ್ಟು ತಗೊಂಡು ಬಾ, ಅಮ್ಮನ ಹಂಚಿದೆಯಲ್ಲ” ಎಂದಿದ್ದಳು. ಒಂದು ಚೀಲ ಜೋಳದ ಹಿಟ್ಟು ಹಿಡಿದು ಹೋದೆ. ತೇಜೆ ಹಿಟ್ಟನ್ನು ಬೆರಳಲ್ಲಿ ಉಜ್ಜಿ, ಮೂಸಿ, ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಕೂತರು. ನಲ್ಲಿಯ ನೀರು ಹಾಕಿ ಕಲಸಿದರು. ಉಂಡೆ ಮಾಡಿ ಲಟ್ಟಣಿಗೆ ಇಟ್ಟರು. ನಾಲ್ಕೂ ಕಡೆ ಬಿರಿಯಿತು. ಮತ್ತೆ ಕೂಡಿಸಿ ನಾದಿದರು, ಮತ್ತೆ ಬಿರಿಯಿತು. ಮೂರನೆಯ ಸಲ ಲಟ್ಟಣಿಗೆಯನ್ನು ಮಣೆಯ ಮೇಲೆ ಕುಕ್ಕಿ ಏನೋ ಅಂದರು.

“ಈ ಹಿಟ್ಟು ಸತ್ತುಹೋಗಿದೆ ಅಂತಿದಾರೆ,” ಎಂದಳು ಎಲಿಫ್.

ಚಹಕ್ಕೆಂದು ಅಲ್ಲಿ ದಿನವಿಡೀ ದೊಡ್ಡ ಕೆಟಲಿನಲ್ಲಿ ನೀರು ಕುದಿಯುತ್ತಲೇ ಇರುತ್ತದೆ. ನಾನು ಎದ್ದುಹೋಗಿ ಒಂದು ಪಾತ್ರೆಗೆ ಆ ನೀರು ಬಗ್ಗಿಸಿಕೊಂಡು ಬಂದೆ. ಹಿಟ್ಟಿನ ನಡುವೆ ಗುಳಿ ಮಾಡಿ ಎಸರು ಹೊಯ್ದೆ. ಚಮಚದಿಂದ ತಿರುವಿ, ಸುಡುಸುಡುವಾಗಲೇ ಅಂಗೈ ಬುಡದಿಂದ ಒತ್ತಿ ನಾದಿದೆ. ಒಂದು ಉಂಡೆ ತೆಗೆದು ಮಣೆಯ ಮೇಲೆ ಒಣಹಿಟ್ಟು ಉದುರಿಸಿ ಬಡಿಯತೊಡಗಿದೆ. ತಿಂಗಳುಗಟ್ಟಲೆ ಬಡಿದಿರಲಿಲ್ಲ. ಆದರೂ ಕೈ ಮರೆತಿರಲಿಲ್ಲ, ರೊಟ್ಟಿ ತನ್ನಷ್ಟಕ್ಕೆ ತಾನು ತಿರುಗುತ್ತಾ ದೊಡ್ಡದಾಯಿತು. ಬೋರಲು ಹಂಚಿನ ಮೇಲೆ ಮೊದಲನೆಯದು ಜಾರಿ ಒಂದು ಬದಿಗೆ ಮುದುಡಿತು. ಎರಡನೆಯದು ನಿಂತಿತು. ಒದ್ದೆ ಬಟ್ಟೆಯಿಂದ ನೀರು ಸವರಿ ತಿರುವಿ ಹಾಕಿದೆ, ಉಬ್ಬಿತು. ಮೂವರೂ ಕಟ್ಟೆಯ ಮೇಲೇ ಕೂತು ಬದನೆಕಾಯಿಯ ಜೊತೆ ತಿಂದೆವು. ನನ್ನ ಕಣ್ಣಲ್ಲಿ ನೀರು ಬಂತು, ಖಾರಕ್ಕಲ್ಲ.

ತೇಜೆ ಪೂರ್ತಿ ತಿಂದು ಕೈ ಒರೆಸಿಕೊಂಡು ಮಗಳಿಗೆ ಏನೋ ಕೇಳಿದರು.

“ವಿಶ್ವವಿದ್ಯಾಲಯದಲ್ಲಿ ನೀನು ಏನು ಕೆಲಸ ಮಾಡೋದು ಅಂತ ಕೇಳ್ತಿದಾರೆ.”

“ಈ ಹಿಟ್ಟಿನ ರೊಟ್ಟಿ ಯಾಕೆ ಮುರಿಯುತ್ತೆ ಅಂತ ಕಂಡುಹಿಡಿಯೋದು,” ಎಂದೆ.

ಎಲಿಫ್ ಹೇಳಿದಳು. ತೇಜೆ ನನ್ನನ್ನೇ ನೋಡುತ್ತಾ ಉದ್ದಕ್ಕೆ ಏನೋ ಕೇಳಿದರು. ಎಲಿಫ್ ತಡವರಿಸಿದಳು.

“ಏನಂದ್ರು? ಹೇಳು.”

“ಬೇಜಾರು ಮಾಡ್ಕೋಬೇಡ. ಇದು ನಿನಗೆ ಗೊತ್ತಿದ್ದೂ ಅಲ್ಲಿಯವರಿಗೆ ಹೇಳಿಲ್ವಲ್ಲ, ಅವರ ಮೇಲೆ ನಿನಗೆ ಏನಾದರೂ ಹಗೆ ಇದೆಯಾ ಅಂತಿದಾರೆ.”

ನನಗೆ ಯಾರೋ ಕಪಾಳಕ್ಕೆ ಬಿಗಿದ ಹಾಗಾಯಿತು. ಎಂಟು ತಿಂಗಳು ನಾನು ಅದಕ್ಕೆ ವಿನಯ ಎಂದು ಹೆಸರಿಟ್ಟುಕೊಂಡಿದ್ದೆ. ಅಕ್ಷರ ಬಾರದ ಆ ಹೆಂಗಸಿಗೆ ಅದು ಹಗೆಯಂತೆ ಕಂಡಿತ್ತು. ಒಬ್ಬ ಮನುಷ್ಯ ತಪ್ಪು ದಾರಿಯಲ್ಲಿ ಹೋಗುತ್ತಿರುವುದನ್ನು ಕಣ್ಣಾರೆ ಕಂಡು, ಬಾಯಿ ಹೊಲಿದುಕೊಂಡು ಅವನ ಹಿಂದೆಯೇ ನಡೆಯುವುದಕ್ಕೆ ಬೇರೆ ಏನನ್ನಬೇಕು? ಅವತ್ತು ಮನೆಗೆ ಹೋಗಲಿಲ್ಲ. ನೇರ ಪ್ರಯೋಗಾಲಯಕ್ಕೆ ಸೈಕಲ್ ತುಳಿದೆ. ಈ ದೇಶ ಬಿಟ್ಟು ಹೋಗುವುದಾದರೆ ಹೋಗೇನು, ಆದರೆ ಗೊತ್ತಿದ್ದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಾತ್ರ ಹೋಗುವುದಿಲ್ಲ ಎಂದು ದಾರಿಯುದ್ದಕ್ಕೂ ಗಟ್ಟಿಯಾಗಿ, ಕನ್ನಡದಲ್ಲೇ, ಗಾಳಿಗೆ ಹೇಳಿಕೊಂಡೆ.

ಆಮೇಲಿನ ಶನಿವಾರ ಭಾನುವಾರಗಳೆಲ್ಲ ಯಂತ್ರದ ಮುಂದೆ ಕಳೆದವು. ನೀರಿನ ಶಾಖವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದೆ. ನಲವತ್ತು, ಐವತ್ತೈದು, ಎಪ್ಪತ್ತು, ಕೊನೆಗೆ ಕೊತಕೊತ ಕುದಿಯುವುದು. ಐದೂ ಬಗೆಯ ಜೋಳಕ್ಕೆ, ಒಂದೊಂದಕ್ಕೂ ಹಲವು ಸಲ. ಬೆರಳುಗಳ ತುದಿಯಲ್ಲಿ ಬೊಬ್ಬೆ ಎದ್ದವು. ಮೊದಲ ಸಲ ಕಣಕದ ಪಟ್ಟಿ ತುಂಡಾಗದೆ ಚಿಮಟಗಳ ನಡುವೆ ಎಳೆದಷ್ಟೂ ಬಂದಾಗ ಖಾಲಿ ಕೋಣೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಕೆಲಸ ಸುಲಭ, ಹೇಳುವುದೇ ಕಷ್ಟ. ಆಗ ಹೂಫ್‌ಡಾರ್ಪ್‌ನಿಂದ ರಶ್ಮಿ ಬಂದಳು. ಬೆಂಗಳೂರಿನ ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು, ಇಲ್ಲಿ ಕಂಪ್ಯೂಟರ್ ಕೆಲಸ. ಎಲಿಫ್‌ಳ ಹೋಟೆಲಿನ ಸಾಲಿನಲ್ಲಿ ನಿಂತೇ ಎಲ್ಲ ಹೇಳಿದೆ.

“ಲೇ ಶೈಲು, ಇನ್ನೂ ಹೇಳಿಲ್ವಾ? ನಂಗೆ ಬಿಪಿ ಬರ್ತಿದೆ ಕಣೇ. ಸ್ಟ್ರೇಟ್ ಆಗಿ ಹೋಗಿ ಹೇಳ್ಬಿಡೋದಪ್ಪ!”

“ಹೆಂಗ ಹೇಳ್ಲೆ ಅವ್ರ ಮುಂದ? ಎಂಟ್ ತಿಂಗಳ ಸುಮ್ಮನ ಕುಂತು ಈಗ ಹೇಳಿದ್ರ ಏನ್ ಅಂದಾರು?”

“ಎಂಟ್ ತಿಂಗ್ಳು ಅಂತ ಯಾಕೆ ಹೇಳ್ತೀಯ? ಹೋದ್ ತಿಂಗ್ಳು ಫೈಂಡ್ ಔಟ್ ಮಾಡ್ದೆ ಅನ್ನು. ಸಿಂಪಲ್. ನೀನೇ ಹೀರೋಯಿನ್ ಆಗ್ತೀಯ. ಯಾರಿಗ್ ಗೊತ್ತಾಗತ್ತೆ?”

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಮಾತು ಎಷ್ಟು ರುಚಿಯಾಗಿತ್ತೆಂದರೆ ಅವತ್ತು ಊಟ ಏನು ಮಾಡಿದೆನೋ ನೆನಪೇ ಇಲ್ಲ.

ಸೋಮವಾರ ಮಾರ್ಟೈನ್‌ರ ಬಳಿ ಹೋಗಿ, “ನಿಮ್ಮನ್ನ ಊಟಕ್ಕೆ ಕರೀಬೇಕು” ಎಂದೆ. ಅವರು ಹುಬ್ಬೇರಿಸಿ ಡೈರಿ ತೆಗೆದರು. ಇಲ್ಲಿ ಊಟಕ್ಕೂ ಮುಹೂರ್ತ ಬೇಕು. ಎರಡು ವಾರದಾಚೆಯ ಗುರುವಾರ ಸಿಕ್ಕಿತು. ಆ ಗುರುವಾರ ಸಣ್ಣ ಮಳೆಯಲ್ಲಿ ಒಂದೇ ಕೊಡೆಯ ಕೆಳಗೆ ಸಾಲಿನಲ್ಲಿ ನಿಂತೆವು. ಒಳಗೆ ಹೋದ ಮೇಲೆ ನಾನು ಕೂರದೆ ಕಟ್ಟೆ ಹತ್ತಿದೆ. ತೇಜೆಗೆ ಮೊದಲೇ ಹೇಳಿದ್ದೆ, ಅವರು ಸರಿದು ಜಾಗ ಕೊಟ್ಟರು. ಎಸರು ಹೊಯ್ದು, ನಾದಿ, ಬಡಿದು, ಬಿಸಿ ರೊಟ್ಟಿಯನ್ನು ತಟ್ಟೆಯಲ್ಲಿ ತಂದು ಮಾರ್ಟೈನ್‌ರ ಮುಂದೆ ಇಟ್ಟೆ.

ಮಾರ್ಟೈನ್ ಅದನ್ನು ಮಡಚಿದರು. ಬಿಡಿಸಿದರು. ಇನ್ನೊಂದು ಕಡೆಗೆ ಮಡಚಿದರು.

“ಯಾವ ಹಿಟ್ಟು ಇದು?”

“ನಮ್ಮದೇ. ಜೋಳ.”

“ಅಂಟು ಏನು ಹಾಕಿದೆ?”

“ಏನೂ ಇಲ್ಲ. ಕುದಿಯೋ ನೀರು, ಅಷ್ಟೇ. ಐದೂ ಬಗೆಗೆ ಮಾಡಿ ನೋಡಿದೀನಿ. ಅಳತೆ ಎಲ್ಲಾ ಇದೆ.”

ಅವರ ಮುಖ ಅರಳಿತು. ಅಷ್ಟು ತಿಂಗಳಲ್ಲಿ ಆ ಮುಖ ಅರಳಿದ್ದನ್ನು ನಾನು ನೋಡಿರಲಿಲ್ಲ. “ನೀನು ಭಾನುವಾರ ಯಂತ್ರ ಓಡಿಸ್ತಿದ್ದೆ ಅಂತ ದಾಖಲೆಯಲ್ಲಿ ನೋಡಿದ್ದೆ. ಹಳೇದನ್ನೇ ಮತ್ತೆ ಮಾಡ್ತಿದೀಯ ಅಂದ್ಕೊಂಡೆ. ಇದು ಯಾವಾಗ ಗೊತ್ತಾಯ್ತು ನಿನಗೆ?”

‘ಹೋದ ತಿಂಗಳು’ ಎನ್ನುವ ಎರಡೇ ಎರಡು ಮಾತು. ಬಾಯಲ್ಲಿ ಸಿದ್ಧವಾಗಿ ಕೂತಿದ್ದವು. ಅವನ್ನು ಆಡಿದ್ದರೆ ನನ್ನ ವರ್ಷ ಗೆದ್ದ ಹಾಗೆಯೇ. ಕಟ್ಟೆಯ ಕಡೆ ನೋಡಿದೆ. ತೇಜೆ ತಮ್ಮ ಪಾಡಿಗೆ ಲಟ್ಟಿಸುತ್ತಿದ್ದರು, ನನ್ನ ಕಡೆ ನೋಡಲೇ ಇಲ್ಲ.

“ಒಂಬತ್ತನೇ ವಯಸ್ಸಿನಲ್ಲಿ,” ಎಂದೆ.

ಮಾರ್ಟೈನ್ ರೊಟ್ಟಿಯನ್ನು ತಟ್ಟೆಗೆ ಇಟ್ಟರು.

“ಅಂದ್ರೆ ನಾನು ಹಲಗೆ ಮೇಲೆ ಬರೆಯುವಾಗಲೇ ನಿನಗೆ ಗೊತ್ತಿತ್ತು.”

“ಗೊತ್ತಿತ್ತು.”

“ನಾನು ಕೇಳಿದೆ. ಸರಿ ಇದೆಯಾ ಅಂತ ಕೇಳಿದೆ!”

“ಕೇಳಿದ್ರಿ. ನೀವು ಗುರುಗಳು ಅಂತ ಗೌರವಕ್ಕೆ…”

“ಗೌರವ?” ಪಕ್ಕದ ಮೇಜಿನವರು ತಿರುಗಿ ನೋಡಿದರು. ಮಾರ್ಟೈನ್ ದನಿ ತಗ್ಗಿಸಿದರು, ಅದು ಇನ್ನೂ ಕಷ್ಟವಾಯಿತು. “ಪ್ರತಿ ಸೋಮವಾರ ನಾನು ನಿನ್ನ ಮುಂದೆ ಕೂತು ತಲೆ ಕೆಡಿಸ್ಕೋತಿದ್ದೆ. ನಿನಗೆ ಉತ್ತರ ಗೊತ್ತಿತ್ತು. ನನ್ನನ್ನ ಮೂರ್ಖನ್ನ ಮಾಡೋದು ನಿಮ್ಮಲ್ಲಿ ಗೌರವನಾ?” ಕೋಟು ತೆಗೆದುಕೊಂಡು ಎದ್ದರು. “ಸಮಿತಿ ಮುಂದೆ ನಾನು ಇದನ್ನ ಮುಚ್ಚಿಡಲ್ಲ. ಹೇಳೇ ಹೇಳ್ತೀನಿ.” ಹೋದರು.

ನಾನು ಅತ್ತೆ. ಅಷ್ಟು ಜನರ ನಡುವೆ, ಬದನೆಕಾಯಿಯ ತಟ್ಟೆಯ ಮುಂದೆ, ನಾಚಿಕೆ ಬಿಟ್ಟು ಅತ್ತೆ. ತೇಜೆ ಕಟ್ಟೆ ಇಳಿದು ಬಂದು ಮಾರ್ಟೈನ್‌ರ ಕುರ್ಚಿಯಲ್ಲಿ ಕೂತರು. ಚಹಕ್ಕೆ ಎರಡು ಸಕ್ಕರೆ ಹಾಕಿ ಕಲಕಿ ನನ್ನ ಮುಂದೆ ತಳ್ಳಿದರು, ಅದು ಮುಗಿದ ಮೇಲೆ ಇನ್ನೊಂದು.

ಮಾರನೆಯ ದಿನ ಬೆಳಗ್ಗೆ ಎಂಟಕ್ಕೆ ನಾನು ಪ್ರಯೋಗಾಲಯದ ಬಾಗಿಲು ತೆಗೆದಾಗ ಮಾರ್ಟೈನ್ ಆಗಲೇ ಒಳಗಿದ್ದರು. ಮುಂದೆ ಕೆಟಲು, ಕೈಯಲ್ಲಿ ಒಂದು ಹಳೆಯ ಪುಸ್ತಕ. “ನಮ್ಮಲ್ಲೇ ರೈ ಬ್ರೆಡ್ ಮಾಡೋರು ಹಿಟ್ಟಿಗೆ ಬಿಸಿನೀರು ಹಾಕ್ತಾರೆ. ನನ್ನ ಕಪಾಟಿನಲ್ಲೇ ಇತ್ತು. ನನಗೂ ಹೊಳೀಲಿಲ್ಲ,” ಎಂದರು. ಸಿಟ್ಟು ಇಳಿದಿರಲಿಲ್ಲ, ದನಿಯಲ್ಲೇ ಗೊತ್ತಾಗುತ್ತಿತ್ತು. “ಮಾಡಿ ತೋರಿಸು.” ತೋರಿಸಿದೆ. ಆಮೇಲಿನ ವಾರಗಳಲ್ಲಿ ಅವರು ಕೆಲಸದ ಮಾತು ಬಿಟ್ಟು ಬೇರೊಂದು ಮಾತು ಆಡಲಿಲ್ಲ. ನಾನು ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ ನಾದಿದೆ, ಎಳೆದೆ, ಬರೆದೆ. ದಿನಗಳು ಉದ್ದವಾಗುತ್ತಾ ಹೋದವು, ಸೈಕಲ್ ದಾರಿಯ ಇಕ್ಕೆಲದ ಹುಲ್ಲು ಸೊಂಟದೆತ್ತರ ಬೆಳೆಯಿತು. ಅದನ್ನೆಲ್ಲ ನೋಡಿ ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಜೂನ್ ಮೂರನೆಯ ವಾರ ಸಮಿತಿ ಕೂತಿತು. ಮೂವರು, ಜೊತೆಗೆ ಮಾರ್ಟೈನ್. ನನ್ನ ನಕ್ಷೆಗಳನ್ನು ತೋರಿಸಿ ಮುಗಿಸಿದೆ. ಮಾರ್ಟೈನ್ ಹೇಳಿದ್ದ ಹಾಗೆಯೇ ಎಲ್ಲ ಹೇಳಿದರು. ನಡುವೆ ಕೂತಿದ್ದ ಬಿಳಿಗೂದಲಿನ ಹೆಂಗಸು ಕನ್ನಡಕ ತೆಗೆದು, “ಇದು ನಿಜವಾ?” ಎಂದು ನನ್ನನ್ನು ಕೇಳಿದರು. “ನಿಜ. ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನನ್ನದು,” ಎಂದೆ. ನನ್ನನ್ನು ಹೊರಗೆ ಕೂರಲು ಹೇಳಿದರು. ಉದ್ದನೆಯ ಕಾರಿಡಾರು, ಒಂದು ಬೆಂಚು. ಒಳಗಿನ ಮಾತು ಕೇಳುತ್ತಿತ್ತು, ಆದರೆ ಡಚ್ಚಿನಲ್ಲಿತ್ತು. ಮಾರ್ಟೈನ್‌ರ ದನಿ ಎರಡು ಸಲ ಏರಿತು.

ಬಾಗಿಲು ತೆರೆದು ಅವರೊಬ್ಬರೇ ಹೊರಗೆ ಬಂದರು.

“ನಿನ್ನನ್ನ ಮುಂದುವರಿಸ್ತಾರೆ,” ಎಂದರು.

ನಾನು ಬೆಂಚಿನಿಂದ ಎದ್ದು ನಿಂತೆ.

“ಆದರೆ ಒಂದು ಷರತ್ತು. ಕೆಲಸ ಚೆನ್ನಾಗಿದೆ, ಆದರೆ ಅದನ್ನ ನಡೆಸೋ ಧೈರ್ಯ ನಿನಗಿಲ್ಲ ಅಂತ ಅವರ ಅಭಿಪ್ರಾಯ. ಮುಂದಿನ ವರ್ಷದಿಂದ ಈ ಬಿಸಿನೀರಿನ ಭಾಗವನ್ನ ಒಬ್ಬ ಹಿರಿಯ ಸಂಶೋಧಕರು ನಡೆಸ್ತಾರೆ. ನೀನು ಅವರ ಕೈಕೆಳಗೆ ಇರ್ತೀಯ. ನಾನು ಬೇಡ ಅಂದೆ, ಅವರು ಕೇಳಲಿಲ್ಲ. ಆಗಬಹುದಾ ನಿನಗೆ?” ಎಂದರು.

ಉಳಿದುಕೊಂಡಿದ್ದೆ. ಬೇಕಾಗಿದ್ದದ್ದು ಅಷ್ಟೇ ಅಲ್ಲವೇ. ಈಗ ಎದುರು ಮಾತಾಡಿದರೆ ಸಿಕ್ಕಿದ್ದೂ ಕೈಬಿಟ್ಟು ಹೋಗಬಹುದು. ಕುತ್ತಿಗೆ ತನ್ನಷ್ಟಕ್ಕೆ ತಾನೇ ಆಡಲು ಶುರುಮಾಡಿತ್ತು. ಹಲ್ಲು ಕಚ್ಚಿ ಅದನ್ನು ನಿಲ್ಲಿಸಿದೆ.

“ಆಗಲ್ಲ,” ಎಂದೆ. “ಹಿಟ್ಟು ನಾದಿದ್ದು ನಾನು. ಸುಮ್ಮನಿದ್ದ ತಪ್ಪೂ ನಂದೇ. ಎರಡನ್ನೂ ಬೇರೆಯವರ ಕೈಗೆ ಕೊಡಲ್ಲ.”

ಮಾರ್ಟೈನ್ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಇದನ್ನ ನನಗೆ ಹೇಳಿ ಏನು ಪ್ರಯೋಜನ? ಅವರು ಇನ್ನೂ ಒಳಗಿದಾರೆ,” ಎಂದು ಬಾಗಿಲನ್ನು ಪೂರ್ತಿ ತೆರೆದು ಹಿಡಿದುಕೊಂಡು ನಿಂತರು.

ಒಳಗೆ ಹೋದೆ. ಮೂವರೂ ಎದ್ದು ನಿಂತು ಕಾಗದಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು.

“ದಯವಿಟ್ಟು ಕೂತ್ಕೊಳ್ಳಿ,” ಎಂದೆ. “ನನ್ನ ಮಾತು ಇನ್ನೂ ಮುಗಿದಿಲ್ಲ.”

ಮೂವರೂ ಕೂತರು.